ಸೂಜಿಯೊಂದೇ ಸಾಲದು: ತೊನ್ನಿನ ಸಂಯುಕ್ತ ಚಿಕಿತ್ಸೆಯಲ್ಲಿ ಮೈಕ್ರೋನೀಡ್ಲಿಂಗ್

(ಲೊಂಬಾರ್ಡಿನಲ್ಲಿ ನೀಡಿದ ಪ್ರಧಾನ ಭಾಷಣದ ಲಿಖಿತ ರೂಪ)



ಕಾವ್ಯ, ನಾಟಕ, ಸಂಗೀತಗಳ ನಡುವೆ ಚರ್ಮದ ಕಾಯಿಲೆಯೊಂದರ ಬಗ್ಗೆ ಮಾತೇಕೆ ಎಂದು ಕೆಲವರಾದರೂ ಅಂದುಕೊಂಡಿರಬಹುದು. ಕಾರಣ ಸರಳ. ತೊನ್ನು ಎಂಬ ಪದವನ್ನು ನಾವು ಮನೆಯೊಳಗೂ ದನಿ ತಗ್ಗಿಸಿಯೇ ಆಡುತ್ತೇವೆ. ಜಗತ್ತಿನಲ್ಲಿ ಸುಮಾರು ನೂರಕ್ಕೆ 0.5ರಿಂದ 2ರಷ್ಟು ಜನರಿಗೆ ಈ ತೊಂದರೆ ಇದೆ. ಸಭಾಂಗಣದಲ್ಲಿ ನಾನೂರು ಜನ ಕುಳಿತಿದ್ದರೆ, ಈ ಲೆಕ್ಕದಲ್ಲಿ ಎರಡರಿಂದ ಎಂಟು ಮಂದಿಗೆ ಅದು ಇರಬೇಕು. ಶಿಕಾಗೋದ ಚಳಿ ಅರ್ಧ ವರ್ಷ ಅದನ್ನು ಕೋಟು, ಕೈಗವಸುಗಳೊಳಗೆ ಮುಚ್ಚಿಡುತ್ತದೆ. ಮೇ ತಿಂಗಳಲ್ಲಿ ಈ ಲೊಂಬಾರ್ಡಿನ ಲೈಲಾಕ್ ಹೂಗಳು ಅರಳಿ, ಎಲ್ಲರೂ ಅರ್ಧ ತೋಳಿನ ಅಂಗಿಗೆ ಬಂದಾಗ ಮರೆಮಾಚುವ ಕಷ್ಟ ಶುರುವಾಗುತ್ತದೆ.

ಇತ್ತೀಚೆಗೆ ಊಟದ ಸಾಲಿನಲ್ಲಿ ನಿಂತಾಗ, ಫೋನಿನಲ್ಲಿ, ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: “ಡಾಕ್ಟರೇ, ಸೂಜಿ ಇರುವ ರೋಲರ್ ಉರುಳಿಸಿದರೆ ಬಣ್ಣ ವಾಪಸ್ ಬರುತ್ತಂತೆ, ಹೌದಾ?” ಇದಕ್ಕೆ ಎರಡು ವಾಕ್ಯಗಳ ಉತ್ತರವಿದೆ. ಕಾಯಿಲೆ ನಿಂತಿರುವ ಕೆಲವರಲ್ಲಿ, ಬೇರೆ ಚಿಕಿತ್ಸೆಗಳ ಜೊತೆ ಸೇರಿಸಿದಾಗ, ಸೂಜಿ ನೆರವಾಗಬಹುದು. ಕಾಯಿಲೆ ಹರಡುತ್ತಿರುವ ಹೊತ್ತಿನಲ್ಲಿ ಅದೇ ಸೂಜಿ ಹೊಸ ಮಚ್ಚೆಗಳನ್ನು ಹುಟ್ಟಿಸಬಹುದು. ಈ ಎರಡು ವಾಕ್ಯಗಳನ್ನು ಬಿಡಿಸಿ ಹೇಳುವುದೇ ಇವತ್ತಿನ ನನ್ನ ಕೆಲಸ.

ತೊನ್ನು ಎಂದರೇನು

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳಿಗೆ ಮೆಲನೋಸೈಟ್ ಎಂದು ಹೆಸರು. ಇಲ್ಲಿ ನಾವು ಅವನ್ನು ಬಣ್ಣದ ಕೋಶಗಳು ಎನ್ನೋಣ. ನಮ್ಮನ್ನು ಸೋಂಕುಗಳಿಂದ ಕಾಯಬೇಕಾದ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳು, ಈ ಬಣ್ಣದ ಕೋಶಗಳನ್ನೇ ಶತ್ರುಗಳೆಂದು ತಿಳಿದು ಕೊಲ್ಲತೊಡಗುತ್ತವೆ. ಅವು ಸತ್ತ ಜಾಗ ಸುಣ್ಣದಂತೆ ಬೆಳ್ಳಗಾಗುತ್ತದೆ. ವಿಟಿಲೈಗೋ ಎಂದು ವೈದ್ಯರು ಕರೆಯುವುದು ಇದನ್ನೇ. ಥೈರಾಯ್ಡ್ ತೊಂದರೆ ಇದೇ ಬಗೆಯ ಕಾಯಿಲೆಯಾದ್ದರಿಂದ ಎರಡೂ ಒಬ್ಬರಲ್ಲೇ ಕಾಣಿಸಿಕೊಳ್ಳುವುದುಂಟು. ತೊನ್ನು ಇರುವವರಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸಲು ಹೇಳುವುದು ಅದಕ್ಕೇ.

ನಮ್ಮಲ್ಲಿ ಇದಕ್ಕೆ ಶ್ವೇತಕುಷ್ಠ ಎಂಬ ಹೆಸರೂ ಇದೆ. ಆ ಹೆಸರು ಮಾಡಿರುವ ಅನಾಹುತ ಕಾಯಿಲೆ ಮಾಡಿದ್ದಕ್ಕಿಂತ ಹೆಚ್ಚು. ಕುಷ್ಠ ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ ಎಂಬುದನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ಕಂಡುಕೊಂಡರು. ಅದರ ಮಚ್ಚೆಗಳಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ. ತೊನ್ನಿನಲ್ಲಿ ಬ್ಯಾಕ್ಟೀರಿಯಾ ಇಲ್ಲ, ಸ್ಪರ್ಶ ಚೆನ್ನಾಗಿಯೇ ಇರುತ್ತದೆ, ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಹರಡುವುದಿಲ್ಲ. ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಎಂಬುದಕ್ಕೂ ಆಧಾರವಿಲ್ಲ. ನಾಗದೋಷವೆಂದು ಹರಕೆ ಹೊರುವವರ ಭಕ್ತಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಹರಕೆ ತೀರಿಸುವವರೆಗೆ ಚಿಕಿತ್ಸೆಯನ್ನು ಮುಂದೂಡಬೇಡಿ ಎಂಬುದಷ್ಟೇ ವಿನಂತಿ.

ವಂಶಪಾರಂಪರ್ಯದ ಮಾತು ಮದುವೆಯ ಪ್ರಸ್ತಾಪ ಬಂದಾಗಲೆಲ್ಲ ಏಳುತ್ತದೆ. 2003ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನದಲ್ಲಿ, ತೊನ್ನು ಇರುವವರ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಮಾತ್ರ ಅದು ಇತ್ತು. ಒಂದೇ ವಂಶವಾಹಿ ಹಂಚಿಕೊಂಡ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇದ್ದದ್ದು ನೂರಕ್ಕೆ 23ರಷ್ಟು. ವಂಶದ ಪಾಲು ಇದೆ, ಆದರೆ ಅದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ.

ಹೊರಗಿನ ಕಾರಣಗಳೂ ಇವೆ. 1939ರಲ್ಲಿ ಇದೇ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರ ಕೆಲಸಗಾರರ ಕೈಗಳು ಬೆಳ್ಳಗಾದವು. ಕಾರಣ, ಅವರು ತೊಡುತ್ತಿದ್ದ ರಬ್ಬರ್ ಕೈಗವಸಿನಲ್ಲಿದ್ದ ಒಂದು ರಾಸಾಯನಿಕ. ನಮ್ಮ ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಬಿಂದಿಯ ಅಂಟಿನಲ್ಲಿರುವ ರಾಸಾಯನಿಕವೂ ಬೊಟ್ಟಿನ ಜಾಗದಲ್ಲೇ ಬಿಳಿ ಮಚ್ಚೆ ಮೂಡಿಸುವುದುಂಟು. ಹಾಗೆ ಕಂಡರೆ ಮೊದಲು ಮಾಡಬೇಕಾದದ್ದು ಬಿಂದಿ ಬಿಟ್ಟು ಕುಂಕುಮಕ್ಕೆ ಮರಳುವುದಲ್ಲ. ಹಣೆಗೆ ಯಾವುದನ್ನೂ ಹಚ್ಚದೆ ವೈದ್ಯರಿಗೆ ತೋರಿಸುವುದು.

ಬಣ್ಣ ಎಲ್ಲಿಂದ ವಾಪಸ್ ಬರುತ್ತದೆ

ಬಿಳಿ ಮಚ್ಚೆಯಲ್ಲಿ ಬಣ್ಣದ ಕೋಶಗಳು ಸತ್ತಿದ್ದರೆ ಮತ್ತೆ ಬಣ್ಣ ಬರುವುದಾದರೂ ಹೇಗೆ? ಕೂದಲಿನ ಬುಡದಲ್ಲಿ ಒಂದು ಕಣಜವಿದೆ. ಅಲ್ಲಿ ಬಣ್ಣದ ಕೋಶಗಳ ಮೂಲ ಬೀಜಗಳು ಉಳಿದಿರುತ್ತವೆ. ಅವು ಎಚ್ಚೆತ್ತು ಮೇಲೆ ಬಂದಾಗ ಬಿಳಿಯ ನಡುವೆ ಎಳ್ಳು ಚೆಲ್ಲಿದಂತೆ ಕಂದು ಚುಕ್ಕೆಗಳು ಕಾಣುತ್ತವೆ. ಎರಡನೆಯ ದಾರಿ ಮಚ್ಚೆಯ ಅಂಚು. ಪಕ್ಕದ ಒಳ್ಳೆಯ ಚರ್ಮದಿಂದ ಕೋಶಗಳು ಒಳಕ್ಕೆ ಸರಿಯುತ್ತವೆ.

ಇಷ್ಟು ತಿಳಿದರೆ ಬಹಳಷ್ಟು ಅರ್ಥವಾಗುತ್ತದೆ. ಮುಖದಲ್ಲಿ ಸಣ್ಣ ಕೂದಲುಗಳು ಒತ್ತಾಗಿವೆ, ಬಣ್ಣ ಬೇಗ ಬರುತ್ತದೆ. ಬೆರಳ ತುದಿ, ತುಟಿ, ಅಂಗಾಲುಗಳಲ್ಲಿ ಕೂದಲಿಲ್ಲ, ಅಲ್ಲಿ ಬಣ್ಣ ಹಟಮಾರಿ. ಮಚ್ಚೆಯ ಮೇಲಿನ ಕೂದಲೂ ಬೆಳ್ಳಗಾಗಿದ್ದರೆ ಕಣಜವೇ ಬರಿದಾಗಿದೆ ಎಂದು ತಿಳಿಯಬೇಕು. ಕೊರಿಯಾದ ಸಂಶೋಧಕರು 2017ರಲ್ಲಿ, ನ್ಯಾರೋಬ್ಯಾಂಡ್ ಯುವಿಬಿ ಎಂಬ ಬೆಳಕಿನ ಚಿಕಿತ್ಸೆಯ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಮುಖ, ಕುತ್ತಿಗೆಗಳಲ್ಲಿ ನೂರಕ್ಕೆ 44 ಮಂದಿಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬಣ್ಣ ಮರಳಿತ್ತು. ಎದೆ, ಬೆನ್ನುಗಳಲ್ಲಿ 26, ತೋಳು ಕಾಲುಗಳಲ್ಲಿ 17. ಹಸ್ತ ಮತ್ತು ಪಾದಗಳಲ್ಲಿ ಸೊನ್ನೆ. ಆ ಸೊನ್ನೆಯೇ ವೈದ್ಯರನ್ನು ಬೇರೆ ದಾರಿಗಳನ್ನು ಹುಡುಕುವಂತೆ ಮಾಡಿದೆ. ಮೈಕ್ರೋನೀಡ್ಲಿಂಗ್ ಅಂಥ ಒಂದು ದಾರಿ.

ಸೂಜಿ ಏನು ಮಾಡುತ್ತದೆ

ನಮ್ಮ ಊರುಗಳಲ್ಲಿ ಹಚ್ಚೆ ಹಾಕುವ ಕೊರವಂಜಿ ಸೂಜಿಯಿಂದ ಚುಚ್ಚಿ ಬಣ್ಣವನ್ನು ಒಳಗೆ ಇಡುತ್ತಿದ್ದಳು. ಮೈಕ್ರೋನೀಡ್ಲಿಂಗಿನಲ್ಲಿ ಬಣ್ಣ ಇಡುವುದಿಲ್ಲ. ಸಣ್ಣ ಸಣ್ಣ ಸೂಜಿಗಳಿರುವ ಉರುಳೆ ಅಥವಾ ಪೆನ್ನಿನಂಥ ಯಂತ್ರದಿಂದ ಚರ್ಮದಲ್ಲಿ ನೂರಾರು ಸೂಕ್ಷ್ಮ ರಂಧ್ರಗಳನ್ನು ಮಾಡುತ್ತಾರೆ. ತೊನ್ನಿನಲ್ಲಿ ಬಳಸುವ ಸೂಜಿಗಳ ಆಳ ಸಾಮಾನ್ಯವಾಗಿ 0.5ರಿಂದ 1.5 ಮಿಲಿಮೀಟರ್. ಮೊದಲು ಮರಗಟ್ಟಿಸುವ ಮುಲಾಮು ಹಚ್ಚಿ ಅರ್ಧ ಮುಕ್ಕಾಲು ಗಂಟೆ ಕಾಯುತ್ತಾರೆ. ಸಾಸಿವೆಗಿಂತ ಚಿಕ್ಕ ರಕ್ತದ ಹನಿಗಳು ಕಾಣಿಸಿಕೊಂಡರೆ ಸಾಕು.

ಇದರ ಮೂಲ ಉದ್ದೇಶ ತೊನ್ನು ಅಲ್ಲ. 1990ರ ದಶಕದಲ್ಲಿ ಗಾಯದ ಕಲೆಗಳನ್ನು ಸರಿಪಡಿಸಲು ಸೂಜಿ ಬಳಸಿದ ವೈದ್ಯರಿಂದ ಈ ಪದ್ಧತಿ ಬೆಳೆಯಿತು. ಅಮೆರಿಕದ ಎಫ್‌ಡಿಎ 2018ರ ಮಾರ್ಚಿನಲ್ಲಿ ಮೊದಲ ಯಂತ್ರಕ್ಕೆ ಅನುಮತಿ ಕೊಟ್ಟದ್ದು ಮುಖದ ಮೇಲಿನ ಮೊಡವೆ ಕಲೆಗಳಿಗೆ. ತೊನ್ನಿಗೆ ಇದನ್ನು ಬಳಸುವಾಗ ವೈದ್ಯರು ತಮ್ಮ ವಿವೇಚನೆಯಿಂದ, ಅನುಮತಿಯ ಪಟ್ಟಿಯ ಹೊರಗೆ ಬಳಸುತ್ತಾರೆ. ಇದು ಕಾನೂನುಬಾಹಿರವಲ್ಲ, ಆದರೆ ರೋಗಿಗೆ ಗೊತ್ತಿರಬೇಕಾದ ವಿಷಯ.

ಇದು ಕೆಲಸ ಮಾಡುವ ಬಗೆಯನ್ನು ಇಲ್ಲಿ ಮನೆ ಇರುವವರಿಗೆಲ್ಲ ಗೊತ್ತಿರುವ ಒಂದು ಹೋಲಿಕೆಯಿಂದ ಹೇಳುತ್ತೇನೆ. ಶರತ್ಕಾಲದಲ್ಲಿ ನಾವು ಲಾನಿಗೆ ಏರೇಷನ್ ಮಾಡಿಸುತ್ತೇವೆ. ಯಂತ್ರ ನೆಲದಲ್ಲಿ ತೂತು ಕೊರೆಯುತ್ತದೆ, ಗಟ್ಟಿ ಮಣ್ಣು ಸಡಿಲವಾಗುತ್ತದೆ, ಗೊಬ್ಬರ ನೀರು ಬೇರಿಗೆ ಇಳಿಯುತ್ತವೆ, ಅಂಚಿನ ಹುಲ್ಲು ಬೋಳು ಜಾಗಕ್ಕೆ ಹಬ್ಬುತ್ತದೆ. ಚರ್ಮದಲ್ಲಿ ಸೂಜಿಯಿಂದ ಮೂರು ಕೆಲಸಗಳಾಗುತ್ತವೆ ಎಂದು ಭಾವಿಸಲಾಗಿದೆ. ಒಂದು, ಅಂಚಿನ ಬಣ್ಣದ ಕೋಶಗಳು ಮಚ್ಚೆಯೊಳಕ್ಕೆ ತಳ್ಳಲ್ಪಡುತ್ತವೆ. ಎರಡು, ಗಾಯ ಮಾಯುವಾಗ ಹೊಮ್ಮುವ ಬೆಳವಣಿಗೆಯ ರಸಗಳು ಆ ಕೋಶಗಳನ್ನು ಎಬ್ಬಿಸಿ ಚಲಿಸುವಂತೆ ಮಾಡುತ್ತವೆ. ಮೂರು, ಮೇಲೆ ಹಚ್ಚಿದ ಔಷಧ ಆಳಕ್ಕೆ ಇಳಿಯುತ್ತದೆ. ಬರೀ ತೂತು ಕೊರೆದು ಬೀಜ, ನೀರು ಹಾಕದೆ ಬಿಟ್ಟರೆ ಲಾನು ಹಸಿರಾಗುವುದಿಲ್ಲ. ಸೂಜಿಯ ಕಥೆಯೂ ಅಷ್ಟೇ.

ಮೊದಲು ಬೆಂಕಿ ಆರಬೇಕು

1870ರ ದಶಕದಲ್ಲಿ ಹೈನ್ರಿಕ್ ಕೋಬ್ನರ್ ಎಂಬ ಜರ್ಮನ್ ವೈದ್ಯರು ಸೋರಿಯಾಸಿಸ್ ಎಂಬ ಇನ್ನೊಂದು ಚರ್ಮರೋಗದಲ್ಲಿ ಒಂದು ಸಂಗತಿಯನ್ನು ಗಮನಿಸಿದರು: ಗಾಯವಾದ ಜಾಗದಲ್ಲೇ ರೋಗ ಮೂಡುತ್ತಿತ್ತು. ತೊನ್ನಿಗೂ ಈ ಗುಣ ಇದೆ. ಸೊಂಟದ ಬೆಲ್ಟು ಉಜ್ಜುವಲ್ಲಿ, ಬಿಗಿ ಶೂ ಒತ್ತುವಲ್ಲಿ, ಮೊಣಕಾಲು ತರಚಿದಲ್ಲಿ ಹೊಸ ಮಚ್ಚೆ ಬರುವುದನ್ನು ನಿಮ್ಮಲ್ಲೇ ಕೆಲವರು ನೋಡಿರಬಹುದು.

ಸೂಜಿಯೂ ಒಂದು ಗಾಯವೇ. ರೋಗ ಹರಡುತ್ತಿರುವಾಗ ಸೂಜಿ ಚುಚ್ಚಿದರೆ, ಆ ತೂತುಗಳ ಜಾಡಿನಲ್ಲೇ ಬಿಳುಪು ಹಬ್ಬಬಹುದು. ಆದ್ದರಿಂದ ಮಚ್ಚೆ ಸುಮಾರು ಒಂದು ವರ್ಷವಾದರೂ ಬೆಳೆಯದೆ, ಹೊಸದು ಹುಟ್ಟದೆ ನಿಂತಿರಬೇಕು ಎಂದು ಚುಚ್ಚುವ, ಕಸಿ ಮಾಡುವ ಚಿಕಿತ್ಸೆಗಳಿಗೆಲ್ಲ ವೈದ್ಯರು ನಿಯಮ ಇಟ್ಟುಕೊಂಡಿರುತ್ತಾರೆ. ಮಚ್ಚೆಯ ಸುತ್ತ ಅಕ್ಕಿನುಚ್ಚು ಚೆಲ್ಲಿದಂತೆ ಸಣ್ಣ ಬಿಳಿ ಚುಕ್ಕೆಗಳಿದ್ದರೆ, ಅಂಚು ಅಸ್ಪಷ್ಟವಾಗಿದ್ದು ಬಿಳಿಗೂ ಸಹಜ ಬಣ್ಣಕ್ಕೂ ನಡುವೆ ಮಾಸಲು ಪಟ್ಟಿಯಿದ್ದರೆ ರೋಗ ಇನ್ನೂ ಚುರುಕಾಗಿದೆ ಎಂದರ್ಥ. ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪದಡಿ, ಬರಿಗಣ್ಣಿಗೆ ಕಾಣದ ಮಚ್ಚೆಗಳೂ ಕಾಣುತ್ತವೆ. ಆರು ತಿಂಗಳ ಹಿಂದಿನ ಫೋಟೋ ನಿಮ್ಮ ಫೋನಿನಲ್ಲಿದ್ದರೆ ವೈದ್ಯರಿಗೆ ಅದೂ ದೊಡ್ಡ ಉಪಕಾರ.

ನಾಲ್ಕು ಕೆಲಸ, ನಾಲ್ಕು ಸಾಧನ

ಸಂಯುಕ್ತ ಚಿಕಿತ್ಸೆ ಎಂದರೆ ಸಿಕ್ಕ ಔಷಧಗಳನ್ನೆಲ್ಲ ಒಟ್ಟಿಗೆ ಸುರಿಯುವುದಲ್ಲ. ಒಂದರ ಹಿಂದೆ ಒಂದು ಆಗಬೇಕಾದ ನಾಲ್ಕು ಕೆಲಸಗಳಿವೆ.

ಮೊದಲನೆಯದು ರೋಗವನ್ನು ನಿಲ್ಲಿಸುವುದು. ವೇಗವಾಗಿ ಹರಡುತ್ತಿದ್ದರೆ, ವಾರದಲ್ಲಿ ಎರಡು ದಿನ ಮಾತ್ರ ಸ್ಟೀರಾಯ್ಡ್ ಮಾತ್ರೆ ಕೊಡುವ ಒಂದು ಕ್ರಮವಿದೆ. ಅದನ್ನು ರೂಪಿಸಿದ್ದು ಭಾರತದ ಪಸ್ರೀಚಾ ಅವರು. ಮುಲಾಮುಗಳಲ್ಲಿ ಟ್ಯಾಕ್ರೋಲಿಮಸ್ ಬಹುಕಾಲದಿಂದ ಇದೆ. 2022ರ ಜುಲೈನಲ್ಲಿ ಎಫ್‌ಡಿಎ ರುಕ್ಸೋಲಿಟಿನಿಬ್ ಎಂಬ ಮುಲಾಮಿಗೆ, 12 ವರ್ಷ ದಾಟಿದವರಿಗಾಗಿ ಒಪ್ಪಿಗೆ ಕೊಟ್ಟಿತು. ತೊನ್ನಿನಲ್ಲಿ ಬಣ್ಣ ಮರಳಿಸಲೆಂದೇ ಇಲ್ಲಿ ಅನುಮತಿ ಪಡೆದ ಮೊದಲ ಔಷಧ ಅದು. ಟಿ ಕೋಶಗಳಿಗೆ ದಾಳಿಯ ಕರೆ ತಲುಪಿಸುವ ತಂತಿಯನ್ನೇ ಅದು ಕತ್ತರಿಸುತ್ತದೆ. ಅದರ ಎರಡು ಪರೀಕ್ಷೆಗಳಲ್ಲಿ, 24 ವಾರಗಳ ನಂತರ ಮುಖದಲ್ಲಿ ಮುಕ್ಕಾಲು ಪಾಲು ಬಣ್ಣ ಪಡೆದವರು ನೂರಕ್ಕೆ ಸುಮಾರು 30. ಔಷಧವಿಲ್ಲದ ಮುಲಾಮು ಹಚ್ಚಿದವರಲ್ಲಿ ಅದು 7ರಿಂದ 11.

ಎರಡನೆಯದು ಮಲಗಿದ ಕೋಶಗಳನ್ನು ಎಬ್ಬಿಸುವುದು. ಇದಕ್ಕೆ ಬೆಳಕು ಬೇಕು. ನಮ್ಮ ಹಿರಿಯರು ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ನಿಲ್ಲುತ್ತಿದ್ದುದು ಸುಮ್ಮನೆ ಅಲ್ಲ; ಅದರಲ್ಲಿ ಸೋರಲೆನ್ ಎಂಬ, ಬಿಸಿಲಿಗೆ ಪ್ರತಿಕ್ರಿಯಿಸುವ ವಸ್ತು ಇದೆ. ಅಳತೆ ತಪ್ಪಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಆ ಸುಟ್ಟ ಗಾಯದಲ್ಲೇ ತೊನ್ನು ಹರಡಬಹುದು. 1997ರಲ್ಲಿ ನೆದರ್ಲೆಂಡ್ಸಿನ ವೆಸ್ಟರ್‌ಹಾಫ್ ಮತ್ತು ಸಂಗಡಿಗರು, 311 ನ್ಯಾನೋಮೀಟರಿನ ನ್ಯಾರೋಬ್ಯಾಂಡ್ ಬೆಳಕು ಸೋರಲೆನ್ ಇಲ್ಲದೆಯೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿದ ಮೇಲೆ ಅದೇ ಮುಖ್ಯ ಚಿಕಿತ್ಸೆಯಾಯಿತು. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ.

ಮೂರನೆಯದು ಹಟಮಾರಿ ಜಾಗಕ್ಕೆ ದಾರಿ ತೆರೆಯುವುದು. ಸೂಜಿಯ ಸರದಿ ಬರುವುದು ಇಲ್ಲಿ. ಸೂಜಿಯ ನಂತರ ಟ್ಯಾಕ್ರೋಲಿಮಸ್ ಅಥವಾ 5-ಫ್ಲೋರೋಯುರಾಸಿಲ್ ಹಚ್ಚುತ್ತಾರೆ, ಜೊತೆಗೆ ಬೆಳಕಿನ ಚಿಕಿತ್ಸೆ ಮುಂದುವರಿಯುತ್ತದೆ. 5-ಫ್ಲೋರೋಯುರಾಸಿಲ್ ಕ್ಯಾನ್ಸರಿನ ಔಷಧ. ಚರ್ಮ ಕೆರೆದು ಅದನ್ನು ಹಚ್ಚಿದರೆ ತೊನ್ನಿನಲ್ಲಿ ಬಣ್ಣ ಬರುವುದನ್ನು ಜಪಾನಿನ ತ್ಸುಜಿ ಮತ್ತು ಹಮಾದ 1983ರಲ್ಲೇ ಬರೆದಿದ್ದರು. 2018ರಲ್ಲಿ ಈಜಿಪ್ಟಿನ ವೈದ್ಯರು 25 ರೋಗಿಗಳಲ್ಲಿ, ಸೂಜಿಯ ಜೊತೆ ಈ ಎರಡು ಔಷಧಗಳನ್ನು ಹೋಲಿಸಿದಾಗ 5-ಫ್ಲೋರೋಯುರಾಸಿಲ್ ಮೇಲುಗೈ ಸಾಧಿಸಿತು. ಆದರೆ ಅದರಿಂದ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗುವುದುಂಟು, ಬಸುರಿಯರಿಗೆ ಅದು ಕೂಡದು.

ನಾಲ್ಕನೆಯದು ಬಂದ ಬಣ್ಣವನ್ನು ಉಳಿಸಿಕೊಳ್ಳುವುದು. ನಮ್ಮವರು ಹೆಚ್ಚಾಗಿ ಸೋಲುವುದು ಇಲ್ಲೇ. ಬಣ್ಣ ಬಂತೆಂದು ಎಲ್ಲವನ್ನೂ ನಿಲ್ಲಿಸಿಬಿಡುತ್ತೇವೆ. ಫ್ರಾನ್ಸಿನಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಣ್ಣ ಬಂದ ಮೇಲೆ ವಾರಕ್ಕೆ ಎರಡು ಸಲ ಟ್ಯಾಕ್ರೋಲಿಮಸ್ ಹಚ್ಚುತ್ತಿದ್ದ ಗುಂಪಿನಲ್ಲಿ ನೂರಕ್ಕೆ 9.7ರಷ್ಟು ಮಾತ್ರ ಮತ್ತೆ ಬೆಳ್ಳಗಾಯಿತು. ಹಚ್ಚದ ಗುಂಪಿನಲ್ಲಿ 40ರಷ್ಟು. ವಾರಕ್ಕೆ ಎರಡು ಸಲ ಮುಲಾಮು ಹಚ್ಚುವುದು ದೊಡ್ಡ ಸುದ್ದಿಯಾಗುವುದಿಲ್ಲ, ಆದರೆ ಅದರ ಬೆಲೆ ಇಷ್ಟು.

ಇನ್ನು ಸೂಜಿಯ ಪುರಾವೆ ಎಷ್ಟು ಗಟ್ಟಿ? ಅಧ್ಯಯನಗಳು ಬಹಳಷ್ಟು ಈಜಿಪ್ಟ್ ಮತ್ತು ಭಾರತದಿಂದ ಬಂದಿವೆ. ನಮ್ಮ ಬಣ್ಣದ ಚರ್ಮದ ಮೇಲೇ ನಡೆದಿವೆ ಎಂಬುದು ನಮಗೆ ಅನುಕೂಲ. ಆದರೆ ಅವು ಚಿಕ್ಕವು. ಸೂಜಿಯ ಆಳ, ಔಷಧ, ಅಂತರ ಒಂದೊಂದರಲ್ಲಿ ಒಂದೊಂದು ಬಗೆ. ಸೂಜಿಯನ್ನು ಒಂದೇ ಬಳಸಿದಾಗಿಗಿಂತ ಜೊತೆಗೂಡಿಸಿದಾಗ ಫಲ ಹೆಚ್ಚು ಎಂಬುದು ಅವುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಶ.

ನಮ್ಮ ನೆರೆಯಲ್ಲೇ

ಒಳ್ಳೆಯ ಚಿಕಿತ್ಸೆ ಹುಡುಕಿ ನಾವು ದೂರ ಹೋಗಬೇಕಾಗಿಲ್ಲ. ಡೆಟ್ರಾಯಿಟಿನ ಹೆನ್ರಿ ಫೋರ್ಡ್ ಆಸ್ಪತ್ರೆ ತೊನ್ನಿನ ಸಂಶೋಧನೆಯಲ್ಲಿ ದೊಡ್ಡ ಹೆಸರು. ಬೆಳಕಿನ ಜೊತೆ ಅಫಾಮೆಲನೋಟೈಡ್ ಎಂಬ ಔಷಧ ಸೇರಿಸಿ ಡಾ. ಹೆನ್ರಿ ಲಿಮ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಪ್ಪು ಕಂದು ಚರ್ಮದವರಿಗೆ ಹೆಚ್ಚು ಅನುಕೂಲ ಕಂಡಿತು. ಅಲ್ಲಿಯ ಡಾ. ಇಲ್ತಿಫಾತ್ ಹಮ್ಜಾವಿಯವರ ತಂಡ ಬಣ್ಣದ ಕೋಶಗಳ ಕಸಿ ಮಾಡುತ್ತದೆ: ತೊಡೆಯಿಂದ ತೆಳು ಚರ್ಮ ತೆಗೆದು, ಅದರ ಕೋಶಗಳನ್ನು ಬಿಡಿಸಿ, ಬಿಳಿ ಜಾಗದ ಮೇಲೆ ಹರಡುವ ವಿಧಾನ. ಇದನ್ನು ಬೆಳೆಸಿದವರಲ್ಲಿ ಭಾರತದ ಡಾ. ಸಂಜೀವ ಮೂಲೇಕರ್ ಒಬ್ಬರು, ಬೆಂಗಳೂರಿನ ಡಾ. ವೆಂಕಟರಾಮ್ ಮೈಸೂರು ಅವರೂ ಇದರ ಬಗ್ಗೆ ಬರೆದಿದ್ದಾರೆ. ರೋಗ ನಿಂತಿದ್ದು, ಸೂಜಿಗೂ ಬೆಳಕಿಗೂ ಜಗ್ಗದ ಮಚ್ಚೆಗಳಿಗೆ ಇದು ಮುಂದಿನ ಮೆಟ್ಟಿಲು. ಇಲ್ಲಿಂದ ಪೂರ್ವಕ್ಕಿರುವ ಮೇವುಡ್‌ನ ಲೊಯೋಲಾದಲ್ಲಿ, ಆಮೇಲೆ ನಾರ್ತ್‌ವೆಸ್ಟರ್ನ್‌ನಲ್ಲಿ, ಕ್ಯಾರೊಲಿನ್ ಲ ಪೂಲ್ ಅವರು ಕೋಶಗಳ ಒತ್ತಡ ಹೇಗೆ ಈ ದಾಳಿಗೆ ಕಿಡಿ ಹಚ್ಚುತ್ತದೆ ಎಂದು ಹುಡುಕಿದ್ದಾರೆ.

ಎಚ್ಚರದ ಮಾತುಗಳು

ಆನ್‌ಲೈನಿನಲ್ಲಿ ಕೆಲವೇ ಡಾಲರಿಗೆ ಸಿಗುವ ರೋಲರನ್ನು ತರಿಸಿ ಸ್ನಾನದ ಮನೆಯಲ್ಲಿ ಉರುಳಿಸಿಕೊಳ್ಳಬೇಡಿ. ಮೊಂಡಾದ ಸೂಜಿ ಚರ್ಮವನ್ನು ಹರಿಯುತ್ತದೆ. ಮನೆಯಲ್ಲಿ ಇಬ್ಬರು ಒಂದನ್ನೇ ಬಳಸಿದರೆ ರಕ್ತದಿಂದ ಹರಡುವ ರೋಗಗಳಿಗೆ ಬಾಗಿಲು ತೆರೆದಂತೆ. ಹೊಳಪಿನ ಸೀರಮ್ಮುಗಳನ್ನು ಆ ರಂಧ್ರಗಳಿಗೆ ಹಚ್ಚಿದರೆ ಚರ್ಮದೊಳಗೆ ಗಂಟುಗಳಾಗಬಹುದು. ಇದು ಬರೀ ಹೆದರಿಸುವ ಮಾತಲ್ಲ. ನ್ಯೂ ಮೆಕ್ಸಿಕೋದ ಪರವಾನಗಿ ಇಲ್ಲದ ಸೌಂದರ್ಯ ಕೇಂದ್ರವೊಂದರಲ್ಲಿ ರಕ್ತದ ಅಂಶ ಹಚ್ಚಿ ಮೈಕ್ರೋನೀಡ್ಲಿಂಗ್ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗುಲಿದ್ದು 2018ರಲ್ಲಿ ಬೆಳಕಿಗೆ ಬಂತು. ಸಿಡಿಸಿ 2024ರಲ್ಲಿ ಅದರ ವರದಿಯನ್ನು ಪ್ರಕಟಿಸಿತು.

ಇನ್ನೊಂದು, ದುಡಿಯುವ ನಮ್ಮ ಲೆಕ್ಕಾಚಾರ. ಮೂರು ವಾರದ ರಜೆಯಲ್ಲಿ ಊರಿಗೆ ಹೋಗಿ “ಎಲ್ಲ ಮುಗಿಸಿಕೊಂಡು ಬರೋಣ” ಎನ್ನುವವರಿದ್ದಾರೆ. ಎರಡು ವಾರಕ್ಕೊಮ್ಮೆಯಂತೆ ತಿಂಗಳುಗಟ್ಟಲೆ ನಡೆಯುವ ಸೂಜಿ, ವಾರಕ್ಕೆ ಮೂರು ಸಲದ ಬೆಳಕು ಮೂರು ವಾರದಲ್ಲಿ ಮುಗಿಯುವುದಿಲ್ಲ. ರಜೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯಿರಿ, ಚಿಕಿತ್ಸೆಯನ್ನು ನೀವು ಬದುಕುವ ಊರಿನಲ್ಲೇ ಮಾಡಿಸಿ. ಆಫೀಸಿನಿಂದ ವಾರಕ್ಕೆ ಮೂರು ಸಲ ಹೊರಡಲಾಗದವರಿಗೆ, ವೈದ್ಯರ ಚೀಟಿಯ ಮೇಲೆ ಮನೆಗೇ ತರಿಸಿಕೊಳ್ಳಬಹುದಾದ ಬೆಳಕಿನ ಯಂತ್ರಗಳಿವೆ. ಕೆಲವು ವಿಮಾ ಕಂಪನಿಗಳು ಇದನ್ನು ಸೌಂದರ್ಯ ಚಿಕಿತ್ಸೆ ಎಂದು ತಳ್ಳಿಹಾಕುತ್ತವೆ. ಇದು ರೋಗ ಎಂದು ವೈದ್ಯರಿಂದ ಪತ್ರ ಬರೆಸಿ ಮೇಲ್ಮನವಿ ಹಾಕಿ. ಮೊದಲ ನಿರಾಕರಣೆಗೇ ಸುಮ್ಮನಾಗಬೇಡಿ.

ವೈದ್ಯರ ಬಳಿ ಹೋದಾಗ ಐದು ಪ್ರಶ್ನೆ ಕೇಳಿ. ನನ್ನ ಕಾಯಿಲೆ ನಿಂತಿದೆಯೇ? ಇಲ್ಲವಾದರೆ ನಿಲ್ಲಿಸಲು ಏನು ಮಾಡುತ್ತೀರಿ? ಈ ಜಾಗದಲ್ಲಿ ಎಷ್ಟು ಬಣ್ಣ ನಿರೀಕ್ಷಿಸಬಹುದು? ಸೂಜಿಯ ಜೊತೆಗೆ ಏನು ಕೊಡುತ್ತೀರಿ? ಬಣ್ಣ ಬಂದ ಮೇಲೆ ಉಳಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರಿಸದೆ ಹತ್ತು ಸಲದ ಪ್ಯಾಕೇಜಿನ ಬೆಲೆ ಮಾತ್ರ ಹೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಕೊನೆಯದಾಗಿ, ಚಿಕಿತ್ಸೆ ಬೇಡ ಎನ್ನುವುದೂ ಒಂದು ಗೌರವದ ಆಯ್ಕೆ. ಡೆಟ್ರಾಯಿಟಿನ ಫಾಕ್ಸ್ 2 ವಾಹಿನಿಯ ಲೀ ಥಾಮಸ್ ತಮ್ಮ ತೊನ್ನಿನ ಕಥೆಯನ್ನು ‘ಟರ್ನಿಂಗ್ ವೈಟ್’ ಎಂಬ ಪುಸ್ತಕದಲ್ಲಿ ಬರೆದರು. ದಿನವೂ ಊರಿಗೆಲ್ಲ ಕಾಣುವ ಕೆಲಸದಲ್ಲಿದ್ದು ಅದನ್ನು ಬಚ್ಚಿಡದೆ ಹೇಳಿದರು. ಇಲ್ಲಿಂದ ಒಂದು ಗಂಟೆಯ ದಾರಿಯ ಗ್ಯಾರಿಯಲ್ಲಿ ಹುಟ್ಟಿದ ಮೈಕೇಲ್ ಜಾಕ್ಸನ್ ತಮಗೆ ತೊನ್ನಿದೆ ಎಂದು 1993ರಲ್ಲಿ ಹೇಳಿದಾಗ ಬಹಳ ಜನ ನಂಬಲಿಲ್ಲ. ಸತ್ತ ಮೇಲಿನ ವೈದ್ಯಕೀಯ ವರದಿ ಅದನ್ನು ದೃಢಪಡಿಸಿತು. ನಮ್ಮ ಕೂಟದ ಮಕ್ಕಳಿಗೆ ಆ ಪಾಡು ಬಾರದಿರಲಿ. ನಾಟಕಕ್ಕೆ ಪಾತ್ರ ಹಂಚುವಾಗ, ಭರತನಾಟ್ಯದ ಸಾಲಿನಲ್ಲಿ ಮುಂದೆ ಯಾರು ಎಂದು ನಿಲ್ಲಿಸುವಾಗ, ಮದುವೆಯ ಮಾತಿಗೆ ಕೂರುವಾಗ, ಕೈಮೇಲಿನ ಬಿಳಿ ಮಚ್ಚೆ ಲೆಕ್ಕಕ್ಕೆ ಬಾರದಿದ್ದರೆ, ಆ ಮಗು ಚಿಕಿತ್ಸೆಯನ್ನು ಅವಸರವಿಲ್ಲದೆ, ತನಗೆ ಬೇಕಾದಾಗ, ಬೇಕಾದಷ್ಟು ತೆಗೆದುಕೊಳ್ಳಬಹುದು. ತಾಳ್ಮೆ ಬೇಡುವ ಈ ಕಾಯಿಲೆಯಲ್ಲಿ ಹಾಗೆ ಕಾಯಲು ಆಗುವುದೇ ಅರ್ಧ ಚಿಕಿತ್ಸೆ.

ಸಂಕೋಚವಿಲ್ಲದೆ ಪ್ರಶ್ನೆ ಕೇಳಿ. ಎಲ್ಲರೆದುರು ಬೇಡವೆಂದರೆ ಊಟದ ಹೊತ್ತಿನಲ್ಲಿ ನಾನು ಇಲ್ಲೇ ಇರುತ್ತೇನೆ.